ಹಾಡಿಯಲ್ಲಿ ಮತ್ತೆ ಬೋಗಿ, ಹೆಬ್ಬಲಸು: ಕುಟುಂಬದ ಜಾಗದಲ್ಲಿ ಗಟ್ಟಿಮರ ಬೆಳೆಸುವ ಸಮಗ್ರ ಮಾರ್ಗದರ್ಶಿ

2013ರ ಜೂನ್‌ನಲ್ಲಿ ನಮ್ಮ ಹಾಡಿಯಲ್ಲಿ, ಅಂದರೆ ಕುಟುಂಬದ ಮರಗಾಡಿನಲ್ಲಿ, 300 ಗಿಡ ನೆಟ್ಟೆವು. ಮುಂಬೈಯಿಂದ ಚಿಕ್ಕಪ್ಪ ಬಂದಿದ್ದರು. ಮಕ್ಕಳು ಕೆಸರು ಮೆತ್ತಿಕೊಂಡು ಫೋಟೋ ತೆಗೆಸಿಕೊಂಡರು. ಮಧ್ಯಾಹ್ನ ಎಲ್ಲರಿಗೂ ಹಲಸಿನ ಕಡುಬು. ಮುಂದಿನ ವರ್ಷ ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಎಣಿಸಿದರೆ ಉಳಿದದ್ದು 41. ಅದರಲ್ಲೂ ಅರ್ಧ ಹೆಸರಿಗೆ ಮಾತ್ರ ಜೀವ ಹಿಡಿದುಕೊಂಡಿತ್ತು.

ಮಳೆ ಕಡಿಮೆಯಾಗಿ ಸತ್ತದ್ದಲ್ಲ. ನಮ್ಮ ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುತ್ತದೆ. ಆದರೆ ಅದರಲ್ಲಿ ಹೆಚ್ಚಿನದೆಲ್ಲ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಆಮೇಲೆ ಡಿಸೆಂಬರ್‌ನಿಂದ ಮೇ ತನಕ ಮುರಕಲ್ಲಿನ (ಕೆಂಪುಕಲ್ಲಿನ) ನೆಲ ಕಾವಲಿ ಹಾಗೆ ಕಾಯುತ್ತದೆ. ಜೂನ್‌ನಲ್ಲಿ ನೆಟ್ಟ ಗಿಡಕ್ಕೆ ಏಪ್ರಿಲ್‌ನಲ್ಲಿ ನೀರು ಕೊಡುವವರು ಯಾರು ಅಂತ ನಾವು ಯೋಚಿಸಿಯೇ ಇರಲಿಲ್ಲ. ಅದಕ್ಕೇ ಈಗ ಯಾರಾದರೂ 'ಎಷ್ಟು ಗಿಡ ನೆಡಲಿ' ಅಂತ ಕೇಳಿದರೆ ನಾನು ವಾಪಸ್ ಕೇಳುವುದು ಒಂದೇ: ಏಪ್ರಿಲ್‌ನಲ್ಲಿ ಎಷ್ಟು ಕೊಡ ನೀರು ಹೊರುತ್ತೀರಿ?

ನಮ್ಮದು ಬ್ರಹ್ಮಾವರದಿಂದ ಕೊಕ್ಕರ್ಣೆಗೆ ಹೋಗುವ ದಾರಿಯ ಕಡೆ ಎರಡೂವರೆ ಎಕ್ರೆ ಹಾಡಿ. ಮೇಲೆ ಪಾದೆ (ಬಂಡೆ), ನಡುವೆ ಇಳಿಜಾರು, ಕೆಳಗೆ ತೋಡು (ಸಣ್ಣ ತೊರೆ). ಮಂಗಳೂರು, ಉಡುಪಿ ಕಡೆಯ ಸುಮಾರು ಜಾಗಗಳು ಹೀಗೆಯೇ ಇರುತ್ತವೆ. ಹಾಗಾಗಿ ನಾನು ಮಾಡಿದ್ದನ್ನೇ ಇಟ್ಟುಕೊಂಡು ಹೇಳುತ್ತೇನೆ, ತಪ್ಪುಗಳನ್ನೂ ಸೇರಿಸಿ.

ಗುದ್ದಲಿಗಿಂತ ಮೊದಲು ಪಹಣಿ

ಇದು ಬೋರ್ ಹೊಡೆಸುವ ಕೆಲಸ. ಆದರೆ ಮೊದಲು ಇದೇ ಆಗಬೇಕು. ನೀವು ನೆಡುವ ಜಾಗ ವರ್ಗ ಜಾಗವೋ (ಸ್ವಂತ ಪಟ್ಟಾ ಜಾಗ), ಕುಮ್ಕಿಯೋ, ದರ್ಖಾಸ್ತಿನಲ್ಲಿ (ಅರ್ಜಿ ಕೊಟ್ಟು ಸರ್ಕಾರದಿಂದ ಮಂಜೂರಾಗಿ) ಬಂದದ್ದೋ ನೋಡಿ. ನಮ್ಮ ಕಡೆ ಮೂರು ತಲೆಮಾರಿನಿಂದ 'ನಮ್ಮ ಹಾಡಿ' ಅಂತ ಹೇಳಿಕೊಂಡು ಬಂದ ಎಷ್ಟೋ ಜಾಗ ದಾಖಲೆಯಲ್ಲಿ ಕುಮ್ಕಿ. ಕುಮ್ಕಿ ಅಂದರೆ ವರ್ಗ ಜಾಗಕ್ಕೆ ತಾಗಿ ನೂರು ಗಜದ ಒಳಗಿನ ಸರ್ಕಾರಿ ಜಾಗ. ಅಲ್ಲಿಂದ ಬೇಸಾಯಕ್ಕೆ ಸೊಪ್ಪು, ದರಗು (ಉದುರಿದ ಒಣ ಎಲೆ), ಸೌದೆ ತರುವ ಸವಲತ್ತು ನಿಮಗಿದೆ, ಒಡೆತನ ಇಲ್ಲ. ಅಲ್ಲಿ ಬೋಗಿ (ಗೆದ್ದಲು ಹಿಡಿಯದ ಕಿರಾಲ್‌ಬೋಗಿ ಮರ) ನೆಟ್ಟು ಮೊಮ್ಮಗ ಕಡಿಯಲಿ ಅಂತ ಕಾದರೆ ಮೊಮ್ಮಗನಿಗೆ ಸಿಗುವುದು ನೋಟಿಸು.

ದರ್ಖಾಸ್ತು ಜಾಗವಾದರೆ ಮಂಜೂರಾತಿ ಪತ್ರದಲ್ಲಿ ಮರದ ಬಗ್ಗೆ ಏನು ಷರತ್ತು ಬರೆದಿದ್ದಾರೆ ಓದಿ. ಮೊದಲೇ ಇದ್ದ ಮರಗಳಿಗೆ ಮಾಲ್ಕಿ (ಸರ್ಕಾರಕ್ಕೆ ಕೊಡುವ ಮರದ ಬೆಲೆ) ಕಟ್ಟಿದ್ದಾರಾ ಅಂತಲೂ ನೋಡಬೇಕು. ಇನ್ನೊಂದು ಡೀಮ್ಡ್ ಫಾರೆಸ್ಟ್ ವಿಷಯ. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಗೋದಾವರ್ಮನ್ ಕೇಸಿನಲ್ಲಿ, ಯಾರ ಹೆಸರಲ್ಲಿದ್ದರೂ ಕಾಡಿನ ಹಾಗಿರುವ ಜಾಗ ಕಾಡೇ ಅಂತ ಹೇಳಿತು. ಆಮೇಲೆ ಪಟ್ಟಿ ಮಾಡಿದರು, ಪಟ್ಟಿ ತಿದ್ದಿದರು. ನಿಮ್ಮ ಸರ್ವೆ ನಂಬರು ಅದರಲ್ಲಿ ಇದೆಯಾ ಇಲ್ಲವಾ ಅಂತ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. 'ಮರ ಬೆಳೆದರೆ ಜಾಗ ಅರಣ್ಯ ಇಲಾಖೆಗೆ ಹೋಗ್ತದೆ' ಅನ್ನುವ ಹೆದರಿಕೆಯಿಂದ ಒಳ್ಳೆ ಒಳ್ಳೆ ಗಿಡಗಳನ್ನು ಚಿಕ್ಕದಿರುವಾಗಲೇ ಸವರಿ ಹಾಕುವವರನ್ನು ನಾನು ನೋಡಿದ್ದೇನೆ. ನೆಟ್ಟದ್ದಕ್ಕೆ ದಾಖಲೆ ಇಟ್ಟುಕೊಳ್ಳುವುದು ಈ ಹೆದರಿಕೆಗೆ ಸ್ವಲ್ಪ ಮದ್ದು.

ಆ ದಾಖಲೆಗೆ ಸುಲಭದ ದಾರಿ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದುಕೊಂಡು ವಲಯ ಕಚೇರಿಗೆ ಹೋಗಿ ನೋಂದಣಿ ಮಾಡಿಸಿದರೆ ಇಲಾಖೆಯ ನರ್ಸರಿಯಿಂದ ಕಡಿಮೆ ದರಕ್ಕೆ ಗಿಡ ಸಿಗುತ್ತದೆ. ಬದುಕಿ ಉಳಿದ ಗಿಡ ಒಂದಕ್ಕೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ ಕೊಡುವ ಲೆಕ್ಕ ಅದರಲ್ಲಿದೆ. ಹೋಗುವಾಗ ಆ ವರ್ಷದ ದರ ಕೇಳಿಕೊಳ್ಳಿ. ದುಡ್ಡು ದೊಡ್ಡದಲ್ಲ. ಆದರೆ 'ಈ ಮರ ನಾನು ನೆಟ್ಟದ್ದು' ಅನ್ನುವುದಕ್ಕೆ ಸರ್ಕಾರದ್ದೇ ಸಾಕ್ಷಿ ಸಿಗುತ್ತದಲ್ವಾ, ಅದು ದೊಡ್ಡದು.

ಕಡಿಯುವಾಗಿನ ಕಾನೂನೂ ಈಗಲೇ ಗೊತ್ತಿರಲಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಾಗದ ಮರಕ್ಕೂ ಅನುಮತಿ ಬೇಕು. ತೆಂಗು, ರಬ್ಬರ್, ಗಾಳಿಮರ, ಸಿಲ್ವರ್ ಓಕ್ ಥರದ ಕೆಲವಕ್ಕೆ ಮಾತ್ರ ವಿನಾಯಿತಿ. ಬೋಗಿ, ಬೀಟೆ, ಹೊನ್ನೆಗೆಲ್ಲ ಅನುಮತಿ ಇಲ್ಲದೆ ಗರಗಸ ಹಚ್ಚುವ ಹಾಗಿಲ್ಲ.

ನೆಡುವ ಮೊದಲು ಹುಡುಕಿ

ನನಗೆ ಯಾರೂ ಇದನ್ನು ಹೇಳಿಕೊಡಲಿಲ್ಲ. ಅಷ್ಟೆಲ್ಲ ಗಿಡ ಕಳೆದುಕೊಂಡ ಮೇಲೆ, ಒಂದು ಆಟಿ ತಿಂಗಳಲ್ಲಿ (ಜುಲೈ, ಆಗಸ್ಟ್), ಮಳೆ ಬಿಟ್ಟ ಮಧ್ಯಾಹ್ನ ಕತ್ತಿ ಹಿಡಿದು ಸುಮ್ನೆ ಹಾಡಿ ಸುತ್ತಿದೆ. ಜೊತೆಗೆ ನಮ್ಮಲ್ಲಿ ಕೆಲಸಕ್ಕೆ ಬರುವ ಅಜ್ಜಿಯೊಬ್ಬರು. ಅಕೇಶಿಯಾದ ಅಡಿಯಲ್ಲಿ, ಯುಪಟೋರಿಯಂ ಪೊದೆಯ ನಡುವೆ, ಅವರು ಬಗ್ಗಿ ಒಂದೊಂದೇ ಎಲೆ ಮುರಿದು ಹೆಸರು ಹೇಳುತ್ತಾ ಹೋದರು. ಇದು ಮತ್ತಿ. ಇದು ಬೇಂಗ. ಇದು ನಿಮ್ಮ ಅಜ್ಜ ಕಡಿಸಿದ ಹೆಬ್ಬಲಸಿನ ಬುಡದ್ದು. ನಾನು ಹಳೆ ಲುಂಗಿ ಹರಿದು ಒಂದೊಂದಕ್ಕೂ ಬಟ್ಟೆ ಕಟ್ಟಿದೆ. ಸಂಜೆಗೆ 73 ಗಂಟು. ನಾವು ದುಡ್ಡು ಕೊಟ್ಟು ತಂದದ್ದರಲ್ಲಿ ಉಳಿದದ್ದಕ್ಕಿಂತ ಜಾಸ್ತಿ ಗಿಡ ಮೊದಲೇ ಅಲ್ಲಿ ಜೀವಂತ ಇತ್ತು! ಕೆಲವನ್ನು ನಾವೇ 'ಕ್ಲೀನ್ ಮಾಡುವಾಗ' ಎರಡು ಸಲ ಸವರಿದ್ದೆವು.

ತಾನಾಗಿ ಹುಟ್ಟಿದ ಗಿಡಕ್ಕೆ, ಹಳೆ ಬುಡದಿಂದ ಚಿಗುರಿದ್ದಕ್ಕೆ, ನೆಲದ ಅಡಿಯಲ್ಲಿ ಆಗಲೇ ಬೇರಿನ ಬಂಡವಾಳ ಇರುತ್ತದೆ. ಬೇಸಿಗೆ ಅದನ್ನು ಸುಲಭಕ್ಕೆ ಕೊಲ್ಲುವುದಿಲ್ಲ. ಹಾಗಾಗಿ ಮೊದಲ ವರ್ಷ ಒಂದೂ ಗಿಡ ನೆಡಬೇಡಿ ಅಂತಲೇ ನಾನು ಹೇಳುವುದು. ಜುಲೈ, ಆಗಸ್ಟ್‌ನಲ್ಲಿ ಸುತ್ತಿ. ಎಲೆ ಗುರುತು ಹಿಡಿಯುವ ಹಿರಿಯರು ಒಬ್ಬರು ಜೊತೆಗಿರಲಿ. ಸಿಕ್ಕಿದ್ದಕ್ಕೆಲ್ಲ ಬಣ್ಣದ ಬಟ್ಟೆ ಕಟ್ಟಿ. ಸುತ್ತ ಒಂದು ಮೀಟರ್ ಕಳೆ ತೆಗೆಯಿರಿ, ಹಬ್ಬಿದ ಬಳ್ಳಿ ಕತ್ತರಿಸಿ. ಬುಡದಿಂದ ಐದಾರು ಚಿಗುರು ಬಂದಿದ್ದರೆ ನೆಲಕ್ಕೆ ಹತ್ತಿರದಿಂದ ಹೊರಟ, ನೇರವಾದ ಒಂದನ್ನು ಇಟ್ಟು ಉಳಿದದ್ದು ಕತ್ತರಿಸಿ. ಎತ್ತರದಿಂದ ಹೊರಟದ್ದು ಮುಂದೆ ಗಾಳಿಗೆ ಸೀಳಿ ಬೀಳುತ್ತದೆ.

ಜಾಗದಲ್ಲಿ ನಾಗಬನ ಇದ್ದರೆ ಅದನ್ನು ಮುಟ್ಟಬೇಡಿ. ನಂಬಿಕೆಯ ಮಾತು ಹಾಗಿರಲಿ, ನಿಮ್ಮ ಊರಿನ ಮಣ್ಣಿಗೆ ಒಗ್ಗಿದ ಹಳೆಯ ತಾಯಿಮರಗಳು ಉಳಿದಿರುವುದು ಹೆಚ್ಚಾಗಿ ಅಲ್ಲಿಯೇ. ಬನದ ಮರ ಕಡಿದು ಸಿಮೆಂಟ್ ಕಟ್ಟೆ ಕಟ್ಟಿದ ಮನೆಗಳು ಬೀಜದ ಭಂಡಾರವನ್ನೇ ಕಳೆದುಕೊಂಡಿವೆ.

ಅಕೇಶಿಯಾವನ್ನು ಒಂದೇ ಸಲ ಬೋಳಿಸಬೇಡಿ

1980ರ ದಶಕದ ಸಾಮಾಜಿಕ ಅರಣ್ಯದ ಕಾಲದಲ್ಲಿ ಅಕೇಶಿಯಾ ನಮ್ಮ ಕಡೆಯ ಪದವು, ಗುಡ್ಡೆಗಳಿಗೆಲ್ಲ ಬಂತು. ಬೋಳು ಮುರಕಲ್ಲಿನ ಮೇಲೂ ಬೆಳೆಯುವ ಮರ ಅದು, ಆ ಗುಣ ಸುಳ್ಳಲ್ಲ. ಆದರೆ ಅದರ ಅಡಿಯಲ್ಲಿ ಬೀಳುವ ಎಲೆ ಬೇಗ ಕೊಳೆಯುವುದಿಲ್ಲ, ಬೇಸಿಗೆಯಲ್ಲಿ ಬೆಂಕಿಗೆ ಒಳ್ಳೆ ಸೌದೆ.

ಕಂಟ್ರಾಕ್ಟರ್ ಬಂದು 'ಎಲ್ಲ ಒಟ್ಟಿಗೆ ಕೊಡಿ, ರೇಟು ಜಾಸ್ತಿ ಹಾಕ್ತೇನೆ' ಅನ್ನುತ್ತಾನೆ. ಬೇಡ. ಪೂರ್ತಿ ಬೋಳಾದರೆ ಬಿಸಿಲು ನೇರ ನೆಲಕ್ಕೆ ಬಿದ್ದು, ಮಣ್ಣಿನಲ್ಲಿ ಮಲಗಿದ್ದ ಅಕೇಶಿಯಾ ಬೀಜ ಸಾವಿರಗಟ್ಟಲೆ ಮೊಳೆಯುತ್ತದೆ. ಬೆಂಕಿ ಹಾಕಿದರೆ ಇನ್ನೂ ಜಾಸ್ತಿ, ಯಾಕೆಂದರೆ ಆ ಬೀಜದ ಗಟ್ಟಿ ಸಿಪ್ಪೆ ಬಿಸಿಗೇ ಒಡೆಯುವುದು. ನಾವು ಇಳಿಜಾರಿಗೆ ಅಡ್ಡವಾಗಿ ಪಟ್ಟಿ ಪಟ್ಟಿಯಾಗಿ ಕಡಿಸಿದೆವು: ಹತ್ತು ಮೀಟರ್ ಕಡಿದದ್ದು, ಹತ್ತು ಮೀಟರ್ ಬಿಟ್ಟದ್ದು. ಬಿಟ್ಟ ಪಟ್ಟಿಯ ನೆರಳಿನ ಬದಿಗೆ ಬೋಗಿ, ಬಿಸಿಲಿನ ನಡುಭಾಗಕ್ಕೆ ಹೊನ್ನೆ. ಉಳಿದ ಅಕೇಶಿಯಾ ಐದು ವರ್ಷದ ಮೇಲೆ ಹೋಯಿತು. ಹುಟ್ಟಿದ ಅಕೇಶಿಯಾ ಸಸಿಗಳನ್ನು ಮಳೆಗಾಲದಲ್ಲಿ ಮಣ್ಣು ಮೆತ್ತಗಿರುವಾಗ ಕೈಯಲ್ಲೇ ಕಿತ್ತು ಬಿಡಬಹುದು. ಎರಡು ಮಳೆಗಾಲ ಬಿಡದೆ ಕಿತ್ತರೆ ಅರ್ಧ ಯುದ್ಧ ಗೆದ್ದ ಹಾಗೆ. ಕಡಿಯಲು, ಸಾಗಿಸಲು ಯಾವ ಕಾಗದ ಬೇಕು ಅಂತ ಮೊದಲೇ ಕೇಳಿಕೊಳ್ಳಿ.

ಯಾವ ಜಾಗಕ್ಕೆ ಯಾವ ಮರ

ನರ್ಸರಿಯಲ್ಲಿ ಏನು ಸಿಗುತ್ತದೆ ಅಂತ ನೋಡಿ ನೆಡುವುದು ನಮ್ಮೆಲ್ಲರ ಚಾಳಿ. ಹಾರೆ ಹಿಡಿದು ಹೋಗಿ, ನೆಲ ಏನು ಕೊಡುತ್ತದೆ ಅಂತ ಮೊದಲು ನೋಡಿ. ಹತ್ತು ಹದಿನೈದು ಕಡೆ ಕುಟ್ಟಿ. ಒಂದು ಅಡಿಗೇ 'ಟಣ್' ಅಂದರೆ ಅದು ಪಾದೆ. ಅಲ್ಲಿ ಗಟ್ಟಿಮರದ ಆಸೆ ಬಿಟ್ಟುಬಿಡಿ. ಮಳೆಗಾಲದಲ್ಲಿ ಆ ಪಾದೆಯ ಮೇಲೆ ಬರುವ ಸಣ್ಣ ಹೂವು, ಹುಲ್ಲಿನದ್ದೇ ಒಂದು ಲೋಕ. ಇರಲಿ ಬಿಡಿ ಅದು ಹಾಗೇ. ಬಿರುಕು ಇದ್ದಲ್ಲಿ ಗೇರು ಹಾಕಬಹುದು.

ಹಾರೆ ಎರಡು ಮೂರು ಅಡಿ ಇಳಿಯುವ ಇಳಿಜಾರಿಗೆ ಮತ್ತಿ, ಜಂಬೆ, ಹೊನ್ನೆ. ಇಲ್ಲೊಂದು ಹೆಸರಿನ ಗೊಂದಲ ಇದೆ. ಕರಾವಳಿಯಲ್ಲಿ ಎರಡು ಹೊನ್ನೆ. ಒಂದು ದೀಪಕ್ಕೆ ಎಣ್ಣೆ ತೆಗೆಯುತ್ತಿದ್ದ, ಗುಂಡು ಕಾಯಿಯ ಹೊನ್ನೆ. ತುಳುವಿನಲ್ಲಿ ಪೊನ್ನೆ. ಅದು ಕಡಲ ಬದಿಯ ಮರಳು, ಉಪ್ಪುಗಾಳಿಗೂ ಜಗ್ಗುವುದಿಲ್ಲ. ಸುರತ್ಕಲ್, ಕಾಪು, ಮಲ್ಪೆಯ ಕಡಲಿಗೆ ಹತ್ತಿರದ ಜಾಗದವರಿಗೆ ಅದೇ ಸರಿ. ಇನ್ನೊಂದು, ಕಡಿದರೆ ಕೆಂಪು ರಸ ಬರುವ, ಬಿಲ್ಲೆಯ ಹಾಗೆ ಚಪ್ಪಟೆ ಕಾಯಿ ಬಿಡುವ ಹೊನ್ನೆ. ತುಳುವಿನಲ್ಲಿ ಬೇಂಗ. ಬಾಗಿಲು, ಕಿಟಕಿಗೆ ಆಚಾರಿಗಳು ಕೇಳುವ ಹೊನ್ನೆ ಇದು. ನರ್ಸರಿಯಲ್ಲಿ ಬರೀ 'ಹೊನ್ನೆ' ಅಂದರೆ ಯಾವುದನ್ನು ಕೊಟ್ಟಾರೋ ಹೇಳಲು ಬರುವುದಿಲ್ಲ. ಎಲೆ ನೋಡಿ ತನ್ನಿ. ಎಣ್ಣೆ ಹೊನ್ನೆಯದ್ದು ದಪ್ಪ, ಹೊಳೆಯುವ ಒಂಟಿ ಎಲೆ. ಬೇಂಗದ್ದು ಒಂದು ಕಡ್ಡಿಗೆ ಐದೇಳು ಎಲೆ.

ಕೆಳಗೆ, ತೋಡಿನ ಬದಿಯ ಆಳದ ಮಣ್ಣು ನಿಮ್ಮ ಚಿನ್ನ. ಅಲ್ಲಿ ಕಿರಾಲ್‌ಬೋಗಿ, ಹೆಬ್ಬಲಸು, ಹಲಸು. ಬೋಗಿ ನಿಧಾನ, ಆದರೆ ಅದರ ತಿರುಳಿಗೆ ಗೆದ್ದಲು ಹಲ್ಲು ಹಚ್ಚುವುದಿಲ್ಲ. ನಮ್ಮ ಚಾವಡಿಯ ತೊಲೆ ಬೋಗಿಯದ್ದು, ರಿಪೇರಿಗೆ ಬಂದ ಆಚಾರಿ ಮೊಳೆ ಹೊಡೆಯಲು ಹೋಗಿ ಮೂರು ಮೊಳೆ ಬಗ್ಗಿಸಿಕೊಂಡ. ಹೆಬ್ಬಲಸು ನೇರ ಏರುತ್ತದೆ. ಹಿಂದೆ ದೋಣಿಗೆ ಇದನ್ನೇ ಹುಡುಕಿಕೊಂಡು ಬರುತ್ತಿದ್ದರು. ಹಲಸು ಗೊತ್ತೇ ಇದೆ. ಚೆಂಡೆಯ ಗೂಡಿನಿಂದ ಹಿಡಿದು ದೈವದ ಮಣೆಮಂಚದ ತನಕ ಅದರ ಮರ ಬೇಕು, ನಡುವೆ ವರ್ಷ ವರ್ಷ ಹಣ್ಣೂ ತಿನ್ನಬಹುದು. ಮಕ್ಕಳಿಗಾಗಿ ನೆಡುವವರು ಹಲಸಿನಿಂದ ಶುರು ಮಾಡಿ, ನಿಮಗೂ ಸಿಗುತ್ತದೆ.

ತೇಗ? ಎಲ್ಲರೂ ಮೊದಲು ಕೇಳುವುದು ಅದನ್ನೇ. ಕೇರಳದ ನಿಲಂಬೂರಿನಲ್ಲಿ 1840ರ ದಶಕದಲ್ಲಿ ನೆಟ್ಟ ಕನೋಲಿ ತೋಟದ ತೇಗ ಇವತ್ತಿಗೂ ನಿಂತಿದೆ. ಆದರೆ ಅದು ಹೊಳೆ ಬದಿಯ ಆಳದ ಮಣ್ಣು. ನಮ್ಮ ಮುರಕಲ್ಲಿನ ಮೇಲೆ ತೇಗ ಇಪ್ಪತ್ತು ವರ್ಷವಾದರೂ ವಿದ್ಯುತ್ ಕಂಬದಷ್ಟು ದಪ್ಪಕ್ಕೇ ನಿಂತುಬಿಡುತ್ತದೆ. ಬಿಸಿಲು, ಆಳದ ಮಣ್ಣು, ನೀರು ನಿಲ್ಲದ ಜಾಗ ಮೂರೂ ಇದ್ದರೆ ಮಾತ್ರ ಹಾಕಿ. ಮಹಾಗನಿಯ ಜಾಹೀರಾತು ನೋಡಿ ಮರುಳಾಗಬೇಡಿ. ತುದಿಚಿಗುರು ಕೊರೆಯುವ ಹುಳ ಬಂದರೆ ನೇರ ಕಾಂಡದ ಬದಲು ಪೊರಕೆ ಸಿಗುತ್ತದೆ. ಎಲ್ಲ ಒಂದೇ ಜಾತಿ ಬೇಡ, ಅಷ್ಟೆ.

ಅಂತರ ನಾಲ್ಕು ಮೀಟರ್ ಇಟ್ಟರೆ ಎಕ್ರೆಗೆ ಸುಮಾರು 250 ಗಿಡ, ಮೂರು ಮೀಟರ್ ಆದರೆ ಸುಮಾರು 450. ಹತ್ತಿರ ನೆಟ್ಟರೆ ನೇರ ಬೆಳೆಯುತ್ತವೆ, ಆದರೆ ಮುಂದೆ ತೆಗೆಯಲೇಬೇಕು. ನಾನು ನಾಲ್ಕಕ್ಕೆ ನಿಂತೆ, ಮೊದಲೇ ಇದ್ದ 73ನ್ನು ಆ ಲೆಕ್ಕದೊಳಗೆ ಸೇರಿಸಿಕೊಂಡು.

ಬೀಜ ಕಾಯುವುದಿಲ್ಲ

ಬೋಗಿಯ ಬೀಜಕ್ಕೆ ಎರಡು ರೆಕ್ಕೆ. ಮಳೆಗೆ ಸ್ವಲ್ಪ ಮುಂಚೆ, ಮೇ, ಜೂನ್‌ನಲ್ಲಿ ಗಿರಗಿಟ್ಟಲೆಯ ಹಾಗೆ ತಿರುಗುತ್ತಾ ಬೀಳುತ್ತದೆ. ಇದನ್ನು ಒಣಗಿಸಿ ಡಬ್ಬಿಯಲ್ಲಿ ಹಾಕಿಟ್ಟರೆ ಮುಗಿಯಿತು, ಒಂದೆರಡು ವಾರದಲ್ಲಿ ಸತ್ತೇ ಹೋಗುತ್ತದೆ. ಹೆಕ್ಕಿದ ದಿನವೇ, ಹೆಚ್ಚೆಂದರೆ ಮರುದಿನ, ರೆಕ್ಕೆ ಮುರಿದು ನೆರಳಿನಲ್ಲಿಟ್ಟ ಮರಳು ಮಣ್ಣಿನ ಟ್ರೇಯಲ್ಲಿ ಹಾಕಿ. ಹೆಬ್ಬಲಸು, ಹಲಸು, ಧೂಪದ ಬೀಜವೂ ಒಣಗಿದರೆ ಕೆಲಸಕ್ಕೆ ಬಾರದು. ತೇಗದ ಬೀಜ ಇದಕ್ಕೆ ಉಲ್ಟಾ: ಗಟ್ಟಿ ಸಿಪ್ಪೆ, ವಾರಗಟ್ಟಲೆ ರಾತ್ರಿ ನೆನೆಸಿ ಹಗಲು ಒಣಗಿಸಬೇಕು.

ಹಲಸಿಗೆ ತೊಟ್ಟೆಯೇ (ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲ) ಬೇಡ. ಅದರ ತಾಯಿಬೇರು ಉದ್ದಕ್ಕೆ ಇಳಿಯುವ ಆತುರದ್ದು. ಗುಂಡಿಯಲ್ಲೇ ಮೂರು ಬೀಜ ಹಾಕಿ, ಮೇಲೆ ತೂತು ಮಾಡಿದ ಗೆರಟೆ (ತೆಂಗಿನ ಚಿಪ್ಪು) ಕವುಚಿ ಕಲ್ಲು ಇಡಿ. ಇಲ್ಲದಿದ್ದರೆ ಇಲಿ, ಮುಳ್ಳುಹಂದಿಗೆ ಔತಣ. ಮೊಳಕೆ ಬಂದ ಮೇಲೆ ಒಂದು ಇಟ್ಟು ಎರಡು ಕೀಳಿ.

ದೊಡ್ಡ ಬೋಗಿ ಮರದ ಅಡಿಯಲ್ಲಿ ಸಸಿಗಳು ಹುಲ್ಲಿನ ಹಾಗೆ ಹುಟ್ಟಿರುತ್ತವೆ. ಜಾಗದವರನ್ನು ಕೇಳಿ, ಬೇರಿನ ಮಣ್ಣು ಬಿಡಿಸದೆ ಎತ್ತಿ ತನ್ನಿ. ರಿಸರ್ವ್ ಫಾರೆಸ್ಟಿನಿಂದ ಕಿತ್ತರೆ ಅದು ಅಪರಾಧ, ಅದು ಬೇಡ. ಸಸಿ ಕೊಳ್ಳುವವರು ಇಲಾಖೆಯ ನರ್ಸರಿಗೆ ಮೇ ತಿಂಗಳಲ್ಲೇ ಹೋಗಿ. ಜೂನ್ ಕೊನೆಗೆ ಹೋದರೆ ಉಳಿದ ಸೊಟ್ಟ ಗಿಡ ಮಾತ್ರ. ಊರಿನ ಮರಗಳ ಎಲೆ, ಕಾಂಡ ಕಣ್ಣಿಗೆ ಪರಿಚಯವಾಗಬೇಕಿದ್ದರೆ ಮಂಗಳೂರಿನ ಪಿಲಿಕುಳ ನಿಸರ್ಗಧಾಮದಲ್ಲಿ ಪಶ್ಚಿಮ ಘಟ್ಟದ ಮರಗಳನ್ನು ನೆಟ್ಟು ಬೆಳೆಸಿದ ವನ ಇದೆ. ಒಂದು ಭಾನುವಾರ ಹೋಗಿ ಬನ್ನಿ. ಬೀಜ, ಗಿಡದ ಬಗ್ಗೆ ಅಲ್ಲಿಯೇ ವಿಚಾರಿಸಬಹುದು.

ಗುಂಡಿ: ಕೆಡ್ಡಸ ಕಳೆದ ಮೇಲೆ

ಭೂಮಿತಾಯಿಯ ಹಬ್ಬವಾದ ಕೆಡ್ಡಸದ ದಿನಗಳಲ್ಲಿ ಭೂಮಿ ಅಗೆಯಬಾರದು ಅಂತ ನಮ್ಮ ಕಡೆ ಶಾಸ್ತ್ರ. ಅದು ಫೆಬ್ರವರಿ ನಡುವಿಗೆ ಮುಗಿಯುತ್ತದೆ. ಗುಂಡಿ ತೆಗೆಯಲು ಅದರ ನಂತರದ ಹೊತ್ತು ಸರಿ, ಏಪ್ರಿಲ್ ನಡುವಿನ ಬಿಸು ಹಬ್ಬದ ಒಳಗೆ ಮುಗಿಸಿ. ಬಿಸಿಲಿಗೆ ಗುಂಡಿ ಒಂದೆರಡು ತಿಂಗಳು ಕಾಯಬೇಕು. ಒಳ್ಳೆ ಮಣ್ಣಿಗೆ ಒಂದೂವರೆ ಅಡಿ ಉದ್ದ, ಅಗಲ, ಆಳ ಸಾಕು. ಮುರಕಲ್ಲಿಗೆ ಎರಡೂವರೆ ಅಡಿಯಾದರೂ ಬೇಕು. ಮೇಲಿನ ಅರ್ಧ ಅಡಿ ಮಣ್ಣು ಒಂದು ಬದಿಗೆ, ಕೆಳಗಿನ ಕಲ್ಲುಮಣ್ಣು ಇನ್ನೊಂದು ಬದಿಗೆ ಹಾಕಿ. ಬೆರೆಸಬೇಡಿ.

ಜೆಸಿಬಿಯಲ್ಲಿ ತೆಗೆಸಿದರೆ ಒಂದು ಮೋಸ ಇದೆ. ಬಕೆಟ್ ಉಜ್ಜಿ ಗುಂಡಿಯ ಗೋಡೆ ಸಾರಣೆ ಮಾಡಿದ ಹಾಗೆ ನಯ ಆಗುತ್ತದೆ. ಬೇರು ಅಲ್ಲಿಗೆ ಮುಟ್ಟಿ, ದಾಟಲಾರದೆ ಸುತ್ತು ಹೊಡೆಯುತ್ತದೆ. ನಮ್ಮ ಮೊದಲ ವರ್ಷದ ಗುಂಡಿಗಳು ಹೀಗೇ ಆಗಿ, ಮಳೆಗಾಲದಲ್ಲಿ ಬಾವಿಯ ಹಾಗೆ ನೀರು ನಿಂತು ಅರ್ಧ ಗಿಡ ಕೊಳೆತವು. ಹಾರೆಯಲ್ಲಿ ನಾಲ್ಕೂ ಗೋಡೆ, ತಳ ಕುಟ್ಟಿ ಒಡೆಯಿರಿ. ಒಂದು ಬಕೆಟ್ ನೀರು ಹೊಯ್ದು ನೋಡಿ. ಮರುದಿನಕ್ಕೂ ಇಂಗದಿದ್ದರೆ ಆ ಗುಂಡಿ ಬಿಟ್ಟು ಪಕ್ಕಕ್ಕೆ ಹೋಗಿ.

ಮೇ ಕೊನೆಗೆ ತುಂಬಿಸಿ. ತಳದಲ್ಲಿ ತೆಂಗಿನ ಸಿಪ್ಪೆ, ಒಳಮೈ ಮೇಲಕ್ಕೆ. ನೀರು ಹಿಡಿದಿಟ್ಟುಕೊಳ್ಳುತ್ತದೆ. ಅದರ ಮೇಲೆ ಮೇಲ್ಮಣ್ಣು, ಎರಡು ಬುಟ್ಟಿ ಹಳೆ ಹಟ್ಟಿಗೊಬ್ಬರ, ಕೊಳೆತ ದರಗು. ನಮ್ಮ ಮಣ್ಣು ಹುಳಿ, ಹಾಗಾಗಿ ಒಂದೆರಡು ಮುಷ್ಟಿ ಸುಣ್ಣದ ಪುಡಿ. ಎಷ್ಟು ಹುಳಿ ಅಂತ ತಿಳಿಯಲು ಬ್ರಹ್ಮಾವರ ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ಕೇಳಿ. ಹಸಿ ಸೆಗಣಿ ಬೇಡ, ಗೆದ್ದಲು ಕರೆದ ಹಾಗೆ. ಗುಂಡಿಯ ಮಣ್ಣು ನೆಲಕ್ಕಿಂತ ಅರ್ಧ ಅಡಿ ಎತ್ತರಕ್ಕೆ ದಿಬ್ಬವಾಗಿರಲಿ. ಮಳೆಗೆ ಕುಸಿದು ಸಮ ಆಗುತ್ತದೆ.

ನೆಡುವ ದಿನ

ಮೊದಲ ಮಳೆಗೆ ಓಡಬೇಡಿ. ಜೂನ್ ಎರಡನೇ, ಮೂರನೇ ವಾರ, ಕೈಮುಷ್ಟಿ ಆಳಕ್ಕೆ ಮಣ್ಣು ನೆನೆದ ಮೇಲೆ ಮೋಡದ ದಿನ ನೋಡಿ.

ತೊಟ್ಟೆ ಕೈಯಲ್ಲಿ ಹಿಡಿಯಿರಿ. ಎಳೆದು ತೆಗೆಯಬೇಡಿ, ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, ತಳದ ಒಂದು ಇಂಚು ಮಣ್ಣಿನ ಸಮೇತ ಕತ್ತರಿಸಿ. ತಳದಲ್ಲಿ ಬೇರು ಚಕ್ಕುಲಿಯ ಹಾಗೆ ಸುತ್ತಿಕೊಂಡಿದೆಯಾ? ಅದನ್ನು ಕತ್ತರಿಸಲೇಬೇಕು. ನಮ್ಮ 41ರಲ್ಲಿ ಒಂದು ಗಿಡ ನಾಲ್ಕು ವರ್ಷ ಚೆನ್ನಾಗಿ ಬೆಳೆದು, ಐದನೇ ಮಳೆಗಾಲದಲ್ಲಿ ಗಾಳಿಗೆ ಅಡ್ಡ ಬಿತ್ತು. ಕಿತ್ತು ನೋಡಿದರೆ ತೊಟ್ಟೆಯ ಆಕಾರದಲ್ಲೇ ಬೇರಿನ ಉಂಡೆ. ನಾಲ್ಕು ವರ್ಷ ಅದು ತನ್ನ ಕುತ್ತಿಗೆಯನ್ನು ತಾನೇ ಹಿಸುಕಿಕೊಂಡಿತ್ತು. ಒಂದು ನಿಮಿಷದ ಕೆಲಸ ನಾನು ಮಾಡಿರಲಿಲ್ಲ.

ತೊಟ್ಟೆಯಲ್ಲಿ ಮಣ್ಣು ಎಲ್ಲಿತ್ತೋ ಅದೇ ಮಟ್ಟಕ್ಕೆ ನೆಡಿ. ಕಾಂಡ ಹೂಳಬೇಡಿ. ಸುತ್ತ ಕೈಯಲ್ಲಿ ಒತ್ತಿ, ಚಪ್ಪಲಿ ಕಾಲಿನಲ್ಲಿ ತುಳಿಯುವುದು ಬೇಡ. ಗೊಬ್ಬರದ ಗಿಡದ ಕೋಲು ಒಂದು ಅಡಿ ದೂರಕ್ಕೆ ಊರಿ, ತೆಂಗಿನ ನಾರಿನ ಹಗ್ಗದಲ್ಲಿ ಎಂಟರ ಆಕಾರಕ್ಕೆ ಸಡಿಲ ಕಟ್ಟಿ. ಆ ಕೋಲೇ ಚಿಗುರಿ ನೆರಳು, ಸೊಪ್ಪು ಕೊಡುತ್ತದೆ. ಜಾಸ್ತಿ ಆದರೆ ಸವರಿ ಬುಡಕ್ಕೆ ಹಾಕಿ. ಜುಲೈ ಕೊನೆಗೆ ಒಂದು ಸುತ್ತು ಹೋಗಿ, ಸತ್ತ ಕಡೆ ಬೇರೆ ನೆಡಿ. ಆಮೇಲೆ ನೆಟ್ಟದ್ದಕ್ಕೆ ಬೇರು ಬಿಡಲು ಸಮಯ ಸಾಲುವುದಿಲ್ಲ.

ಮೂರು ಬೇಸಿಗೆ

ನೆಡುವುದು ಒಂದು ದಿನದ ಹಬ್ಬ. ಬೆಳೆಸುವ ಕೆಲಸ ಶುರುವಾಗುವುದು ದೀಪಾವಳಿಯ ಹೊತ್ತಿಗೆ.

ಮೊದಲು ಲೆಕ್ಕ. ಗಿಡಕ್ಕೆ ವಾರಕ್ಕೆ ಹತ್ತು ಲೀಟರ್, ಜನವರಿಯಿಂದ ಮೇ ತನಕ ಸುಮಾರು ಇಪ್ಪತ್ತು ವಾರ. 60 ಗಿಡ ಆದರೆ ವಾರಕ್ಕೆ 600 ಲೀಟರ್. ಒಬ್ಬ ಮನುಷ್ಯ ಅರ್ಧ ದಿನದಲ್ಲಿ ಮಾಡಬಹುದು. 300 ಗಿಡ ಆದರೆ ವಾರಕ್ಕೆ 3000 ಲೀಟರ್. ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುವಾಗ ಮನೆಯವರು ನಿಮ್ಮನ್ನು ಬೈಯದೆ ಬಿಡುತ್ತಾರಾ? ಈ ಲೆಕ್ಕದ ಮೇಲೆ ನಾನು ವರ್ಷಕ್ಕೆ 60 ಗಿಡಕ್ಕೆ ಇಳಿದೆ. ನಾಲ್ಕು ವರ್ಷದಲ್ಲಿ 240 ನೆಟ್ಟೆ. ಒಟ್ಟಿಗೆ 300 ನೆಟ್ಟಾಗ ಉಳಿದದ್ದಕ್ಕಿಂತ ನಾಲ್ಕು ಪಟ್ಟು ಹೆಚ್ಚು ಉಳಿಯಿತು.

ಅಕ್ಟೋಬರ್‌ನಲ್ಲಿ, ಮಣ್ಣು ಇನ್ನೂ ಹಸಿ ಇರುವಾಗ ಬುಡಕ್ಕೆ ಹೊದಿಕೆ ಹಾಕಿ. ನವೆಂಬರ್ ಕೊನೆಗೆ ಹಾಕಿದರೆ ಒಣಗಿದ ಮಣ್ಣಿಗೆ ಕಂಬಳಿ ಹೊದಿಸಿದ ಹಾಗೆ, ಏನೂ ಉಪಯೋಗ ಇಲ್ಲ. ಮಳೆಗಾಲದ ದಿಬ್ಬ ಈಗ ಬೇಡ, ಅದನ್ನು ಬಿಡಿಸಿ ತಟ್ಟೆಯ ಹಾಗೆ ಪಾತಿ ಮಾಡಿ. ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದ ಹಾಗೆ ಕಲ್ಲು, ಮಣ್ಣಿನ ಸಣ್ಣ ದಂಡೆ. ಅರ್ಧ ಅಡಿ ದಪ್ಪಕ್ಕೆ ದರಗು ಹರಡಿ, ಅದರ ಮೇಲೆ ತೆಂಗಿನ ಸಿಪ್ಪೆ ಕವುಚಿ ಇಡಿ, ಈ ಸಲ ಒಳಮೈ ಕೆಳಕ್ಕೆ. ಕಾಂಡಕ್ಕೆ ತಾಗಬಾರದು, ನಾಲ್ಕು ಬೆರಳು ಜಾಗ ಬಿಡಿ. ತಾಗಿದರೆ ಗೆದ್ದಲು ಅಲ್ಲಿಂದಲೇ ಏರುತ್ತದೆ.

ನೀರು ದಿನಾ ಸ್ವಲ್ಪ ಸ್ವಲ್ಪ ಬೇಡ. ಮೇಲೆ ಮೇಲೆ ನೀರು ಸಿಕ್ಕಿದರೆ ಬೇರು ಮೇಲೆಯೇ ಹರಡುತ್ತದೆ. ವಾರಕ್ಕೊಮ್ಮೆ, ಸಂಜೆ, ನಿಧಾನವಾಗಿ ಹತ್ತು ಲೀಟರ್. ತಳಕ್ಕೆ ಸಣ್ಣ ತೂತು ಮಾಡಿ ಬತ್ತಿ ತೂರಿಸಿದ ಹಳೆ ಮಣ್ಣಿನ ಮಡಕೆ ಬುಡದ ಹತ್ತಿರ ಹೂತರೆ ಇನ್ನೂ ಒಳ್ಳೆಯದು. ಎರಡನೇ ಬೇಸಿಗೆಗೆ ಹದಿನೈದು ದಿನಕ್ಕೊಮ್ಮೆ ಇಳಿಸಿ. ಮೂರನೇ ಬೇಸಿಗೆ ಬಾಡಿದ್ದಕ್ಕೆ ಮಾತ್ರ ಕೊಡಿ. ನಾಲ್ಕನೆಯದಕ್ಕೆ ಕೈ ಬಿಡಬಹುದು.

ನೀರಿಗಿಂತ ದೊಡ್ಡ ಶತ್ರು ಬೆಂಕಿ. 2016ರ ಮಾರ್ಚ್‌ನಲ್ಲಿ ರಸ್ತೆ ಬದಿಯಿಂದ ಹತ್ತಿದ ಬೆಂಕಿ ಒಂದು ಗಂಟೆಯಲ್ಲಿ ಮೂಲೆಯ 30 ಗಿಡ ತಿಂದಿತು. ಹತ್ತಿರ ಹೋಗಿ ಹಸಿ ಸೊಪ್ಪಿನಲ್ಲಿ ಬಡಿದು ಬಡಿದು ಆರಿಸಿದೆವು, ನನ್ನ ಹುಬ್ಬು ಸುಟ್ಟಿತ್ತು. ಆ ಮೇಲೆ ಪ್ರತಿ ಜನವರಿಯಲ್ಲಿ ಗಡಿಯ ಸುತ್ತ ಹತ್ತು ಅಡಿ ಅಗಲಕ್ಕೆ ನೆಲ ಕಾಣುವ ತನಕ ಗುಡಿಸುತ್ತೇವೆ. ಗುಡಿಸಿದ ದರಗು ಗಿಡದ ಬುಡಕ್ಕೆ ಹೋಗುತ್ತದೆ, ಸುಡುವುದಿಲ್ಲ. ಮಾರ್ಚ್‌ನಲ್ಲಿ ಇನ್ನೊಮ್ಮೆ ಗುಡಿಸಬೇಕು, ಅಷ್ಟರಲ್ಲಿ ಮತ್ತೆ ಬಿದ್ದಿರುತ್ತದೆ.

ದನಕ್ಕೆ ಬೇಲಿ ಸಾಕು. ಕಾರ್ಕಳ, ಹೆಬ್ರಿ ಕಡೆಯವರಿಗೆ ಕಾಡುಕೋಣ, ಕಡವೆಯ ಕಾಟ ಇದೆ. ಅಲ್ಲಿ ಪ್ರತಿ ಗಿಡಕ್ಕೂ ಬಿದಿರಿನ ಗೂಡು ಕಟ್ಟಿದರೇ ಉಳಿಯುವುದು. ಇತ್ತೀಚೆಗೆ ನವಿಲು ಬುಡದ ಹೊದಿಕೆ ಕೆದಕಿ ಹಾಕುತ್ತದೆ, ಅದಕ್ಕೆ ಮುಳ್ಳು ಕೊಂಬೆ ಹೊದಿಸಿ. ಆಗಸ್ಟ್ ಮತ್ತು ಅಕ್ಟೋಬರ್‌ನಲ್ಲಿ ತಪ್ಪದೆ ಬಳ್ಳಿ ಬಿಡಿಸಿ. ಆಟಿಯಲ್ಲಿ ಒಂದು ವಾರ ಬಿಟ್ಟರೆ ಬಳ್ಳಿ ಗಿಡವನ್ನು ಮಡಚಿ ನೆಲಕ್ಕೆ ಹಾಕಿರುತ್ತದೆ.

ಕತ್ತರಿ ಮತ್ತು ಕಾಗದ

ನಾಲ್ಕನೇ ವರ್ಷದಿಂದ ಕೆಲಸ ಕಡಿಮೆ. ಡಿಸೆಂಬರ್, ಜನವರಿಯಲ್ಲಿ ಕೆಳಗಿನ ಅಡ್ಡ ಕೊಂಬೆ ತೆಗೆಯಿರಿ, ಗಿಡದ ಎತ್ತರದ ಮೂರನೇ ಒಂದು ಭಾಗದಷ್ಟು ಮಾತ್ರ. ಕೊಂಬೆಯ ಬುಡದ ಉಬ್ಬು ಉಳಿಸಿ, ಅದರ ಹೊರಗೆ ಕತ್ತರಿಸಿ. ಉಬ್ಬು ಹಾಳಾದರೆ ಗಾಯ ಮುಚ್ಚದೆ ಒಳಗೆ ಪೊಳ್ಳು ಬೀಳುತ್ತದೆ. ಕತ್ತಿಯಲ್ಲಿ ಕೊಚ್ಚಬೇಡಿ, ಗರಗಸ ಬಳಸಿ. ಎಂಟು ಹತ್ತು ವರ್ಷಕ್ಕೆ ತಲೆಗಳು ಒಂದಕ್ಕೊಂದು ತಾಗಿದಾಗ, ಸೊಟ್ಟದ್ದು, ಸೊರಗಿದ್ದನ್ನು ತೆಗೆಯಿರಿ. ಮನಸ್ಸು ಬರುವುದಿಲ್ಲ, ನನಗೂ ಬರಲಿಲ್ಲ. ಎರಡು ವರ್ಷ ತಡ ಮಾಡಿದೆ, ಹೊನ್ನೆಗಳು ಕೋಲು ಕೋಲಾಗಿ ನಿಂತವು.

ಇನ್ನು ಕುಟುಂಬ. ನಮ್ಮ ಜಾಗಕ್ಕೆ ಹನ್ನೊಂದು ಹಕ್ಕುದಾರರು, ಅದರಲ್ಲಿ ಊರಿನಲ್ಲಿರುವುದು ಮೂವರು. ನೆಟ್ಟವನು ಒಬ್ಬ, ನೀರು ಹೊತ್ತವನು ಇನ್ನೊಬ್ಬ, ನಲವತ್ತು ವರ್ಷದ ಮೇಲೆ ಪಾಲು ಕೇಳಲು ಬರುವವರು ಈಗ ಅಂಗನವಾಡಿಯಲ್ಲಿದ್ದಾರೆ. ಮರ ದಪ್ಪವಾದ ಮೇಲೆ ಮಾತುಕತೆಗೆ ಕೂತರೆ ಜಗಳವೇ ಗತಿ. ಗಿಡ ಮೊಣಕಾಲಿನಷ್ಟು ಇರುವಾಗಲೇ ಕೂತು ಬರೆಯಿರಿ: ಮರದ ಹಕ್ಕು ಜಾಗದ ಹಕ್ಕಿನ ಜೊತೆಗೇ ಹೋಗುತ್ತದಾ, ಬೇರೆಯಾ? ಯಾವ ಕಾರಣಕ್ಕೆ ಕಡಿಯಬಹುದು? ಕಡಿಯಲು ಎಷ್ಟು ಜನರ ಸಹಿ ಬೇಕು? ನೀರು ಹೊತ್ತವನಿಗೆ ಎಷ್ಟು? ನಾವು ಮನೆಯ ಮರದ ಕೆಲಸ, ದೇವಸ್ಥಾನದ ಕೊಡಿಮರ (ಧ್ವಜಸ್ತಂಭ), ಆಸ್ಪತ್ರೆ ಖರ್ಚು ಈ ಮೂರಕ್ಕೆ ಮಾತ್ರ ಅಂತ ಬರೆದೆವು, ಒಂದು ಕಡಿದರೆ ಐದು ನೆಟ್ಟು ಮೂರು ಬೇಸಿಗೆ ದಾಟಿಸಬೇಕು ಅಂತಲೂ. ಸಾದಾ ಕಾಗದದಲ್ಲಿ ಬರೆದದ್ದಕ್ಕೆ ಬಲ ಕಡಿಮೆ. ವಕೀಲರಿಗೆ ತೋರಿಸಿ ನೋಂದಣಿ ಮಾಡಿಸಿ, ವಿಲ್ ಬರೆಯುವವರು ಅದರಲ್ಲೂ ಸೇರಿಸಿ. ಪಹಣಿಯಲ್ಲಿ ಮರಗಳಿಗೆ ಕಾಲಂ ಇದೆ, ಗ್ರಾಮ ಆಡಳಿತ ಅಧಿಕಾರಿಗೆ ಅರ್ಜಿ ಕೊಟ್ಟು ದಾಖಲು ಮಾಡಿಸಲು ನೋಡಿ.

ಕೊನೆಗೆ ಒಂದು ನಕ್ಷೆ. ಮರಕ್ಕೆ ಮೊಳೆ ಹೊಡೆದು ನಂಬರ್ ಹಾಕಬೇಡಿ, ಮುಂದೆ ಗರಗಸದ ಹಲ್ಲು ಮುರಿಯುತ್ತದೆ. ಬುಡದ ಪಕ್ಕ ಮುರಕಲ್ಲು ಹೂತು ಅದರ ಮೇಲೆ ಪೇಂಟಿನಲ್ಲಿ ನಂಬರ್ ಬರೆಯಿರಿ. ನೋಟ್‌ಬುಕ್ಕಿನಲ್ಲಿ ನಂಬರ್, ಜಾತಿ, ನೆಟ್ಟ ವರ್ಷ, ಬೀಜ ತಂದ ಮರ ಯಾವುದು ಅಂತ ಬರೆದಿಡಿ. ನಮ್ಮದು ಚಾವಡಿಯ ಪೆಟ್ಟಿಗೆಯಲ್ಲಿ, ಜಾಗದ ದಾಖಲೆಯ ಜೊತೆಗಿದೆ. ಫೋನಿನಲ್ಲೂ ಇದೆ, ಆದರೆ ಫೋನು ಆರು ವರ್ಷದಲ್ಲಿ ಮೂರು ಬದಲಾಯಿತು. ಕಳೆದ ಮೇಯಲ್ಲಿ 118ನೇ ನಂಬರಿನ ಹೆಬ್ಬಲಸು ಮೊದಲ ಸಲ ಕಾಯಿ ಬಿಟ್ಟಿತು. ಅಕ್ಕನ ಮಗಳು ಆ ಸಾಲಿನ ಮುಂದೆ ತಾರೀಕು ಬರೆದು, ಬೀಜ ಹಾಕಲು ಮರಳಿನ ಟ್ರೇ ಹುಡುಕಿಕೊಂಡು ಹೋದಳು.